ಬಾಲಚರ ಗುರು ಬೇಡನ್ ಪೊವೆಲ್

ವಿಜಯಪುರ ನಗರದ ಇಬ್ರಾಹಿಂಪುರದ ಮಕ್ಕಳಿಗೆ ಕೋಟೆ ಕೊತ್ತಲಗಳು ಹೊಸವಲ್ಲ. ಊರಿನ ಪಶ್ಚಿಮ ದಿಕ್ಕಿನ ಕೋಟೆಗೋಡೆಯ ಬುರುಜೊಂದರ ಮೇಲೆ ಮಲಿಕ್-ಎ-ಮೈದಾನ್ ಎಂಬ ಭಾರಿ ತೋಪನ್ನು ಅವರು ಕಂಡಿರುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪು ಒಂದು ಕಾಲದಲ್ಲಿ ಶತ್ರುಗಳ ಎದೆ ನಡುಗಿಸಿತ್ತು. ಇಂದು ಅದು ಮೌನವಾಗಿ ಮಲಗಿದೆ. ಶಾಲೆಯ ಮಕ್ಕಳು ಅದರ ಸುತ್ತ ನಿಂತು ಬೆರಗಿನಿಂದ ನೋಡಿ ಹೋಗುತ್ತಾರೆ. ಯುದ್ಧದ ಸಾಧನವೊಂದು ಹೀಗೆ ಮಕ್ಕಳ ನೋಟದ ವಸ್ತುವಾಗಲು ಕೆಲವು ಶತಮಾನಗಳೇ ಬೇಕಾದವು. ಆದರೆ ಯುದ್ಧಭೂಮಿಯಲ್ಲಿ ಕಲಿತ ವಿದ್ಯೆಯನ್ನು ತಮ್ಮ ಜೀವಿತಕಾಲದಲ್ಲಿಯೇ ಮಕ್ಕಳ ಸ್ನೇಹದ ವಿದ್ಯೆಯನ್ನಾಗಿ ಮಾರ್ಪಡಿಸಿದ ಸೇನಾನಿಯೊಬ್ಬರು ಇದ್ದರು. ಅವರೇ ಬಾಲಚರ ಚಳವಳಿಯ ಸ್ಥಾಪಕರಾದ ಬೇಡನ್ ಪೊವೆಲ್.

ಕೊರಳಿಗೆ ಸ್ಕಾರ್ಫು ಕಟ್ಟಿ, ಮೂರು ಬೆರಳುಗಳನ್ನೆತ್ತಿ ವಂದಿಸಿ, ಎಡಗೈಯಿಂದ ಹಸ್ತಲಾಘವ ನೀಡುವ ಸ್ಕೌಟುಗಳನ್ನೂ ಗೈಡುಗಳನ್ನೂ ನೀವು ಬಲ್ಲಿರಿ. ನಿಮ್ಮಲ್ಲಿಯೇ ಕೆಲವರು ಆ ದಳಕ್ಕೆ ಸೇರಿದವರಿರಬಹುದು. ಈ ವಂದನೆಯೂ ಈ ಹಸ್ತಲಾಘವವೂ ಜಗತ್ತಿನ ಹಲವು ದೇಶಗಳಲ್ಲಿ ಒಂದೇ ಬಗೆಯಾಗಿವೆ. ಕೆಲವು ವರ್ಷಗಳಿಗೊಮ್ಮೆ ಆ ದೇಶಗಳ ಬಾಲಚರರು ಒಂದು ಬಯಲಿನಲ್ಲಿ ಡೇರೆ ಹಾಕಿ ಕೂಡುತ್ತಾರೆ. ಅದಕ್ಕೆ ವಿಶ್ವ ಜಾಂಬೂರಿ ಎಂದು ಹೆಸರು. ಬೇಡನ್ ಪೊವೆಲ್ ಅವರ ಬಾಳಿನ ಕತೆ ಈ ಮಹಾಮೇಳದ ಕತೆಯೊಡನೆ ಹೆಣೆದುಕೊಂಡಿದೆ.

ರಾಬರ್ಟ್ ಬೇಡನ್ ಪೊವೆಲ್ ಅವರು 1857ನೆಯ ಇಸವಿ ಫೆಬ್ರವರಿ 22ರಂದು ಲಂಡನ್ ನಗರದಲ್ಲಿ ಜನಿಸಿದರು. ಅವರ ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾಗಿದ್ದರು. ಬಾಲಕನಿಗೆ ಮೂರು ವರ್ಷ ತುಂಬಿದಾಗ ತಂದೆ ತೀರಿಕೊಂಡರು. ದೊಡ್ಡ ಸಂಸಾರದ ಹೊಣೆಯೆಲ್ಲವೂ ತಾಯಿ ಹೆನ್ರಿಯೆಟ್ಟಾ ಅವರ ಹೆಗಲಿಗೆ ಬಿದ್ದಿತು. ಆಕೆ ಎದೆಗುಂದದೆ ಮಕ್ಕಳನ್ನು ಬೆಳೆಸಿದರು. ಅಣ್ಣಂದಿರು ರಜೆಯ ದಿನಗಳಲ್ಲಿ ತಮ್ಮನನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದರು. ಹಾಯಿ ಕಟ್ಟುವುದು, ಅಡುಗೆ ಮಾಡುವುದು, ಬಯಲಿನಲ್ಲಿ ಮಲಗುವುದು ಇವೆಲ್ಲವನ್ನೂ ಬಾಲಕ ಅವರಿಂದ ಕಲಿತನು.

ಮುಂದೆ ಅವರು ಚಾರ್ಟರ್‌ಹೌಸ್ ಎಂಬ ಶಾಲೆಗೆ ಸೇರಿದರು. ಓದಿನಲ್ಲಿ ಅವರು ಅಸಾಧಾರಣರೆನಿಸಲಿಲ್ಲ. ಆದರೆ ಚಿತ್ರ ಬರೆಯುವುದರಲ್ಲಿ, ವಾದ್ಯ ನುಡಿಸುವುದರಲ್ಲಿ, ನಾಟಕವಾಡುವುದರಲ್ಲಿ ಮುಂದಾಗಿದ್ದರು. ಎರಡು ಕೈಗಳಿಂದಲೂ ಚಿತ್ರ ಬಿಡಿಸಬಲ್ಲವರಾಗಿದ್ದರು. ಶಾಲೆಯ ಪಕ್ಕದಲ್ಲಿದ್ದ ಕಿರುಗಾಡೊಂದಕ್ಕೆ ವಿದ್ಯಾರ್ಥಿಗಳು ಹೋಗಬಾರದೆಂಬ ಕಟ್ಟಳೆಯಿತ್ತು. ಬಾಲಕ ರಾಬರ್ಟ್ ಅಲ್ಲಿಗೆ ಸದ್ದಿಲ್ಲದೆ ನುಸುಳಿ, ಮೊಲದ ಹೆಜ್ಜೆಯ ಜಾಡು ಹಿಡಿದು, ಹೊಗೆಯೇಳದಂತೆ ಸಣ್ಣ ಬೆಂಕಿ ಮಾಡಿ ಅಡುಗೆ ಮಾಡಿಕೊಳ್ಳುತ್ತಿದ್ದನಂತೆ. ಕಟ್ಟಳೆಯನ್ನು ಮೀರಿದ ಆ ಆಟವೇ ಮುಂದೆ ಕೋಟ್ಯಂತರ ಮಕ್ಕಳಿಗೆ ಶಿಕ್ಷಣವಾಗಿ ಪರಿಣಮಿಸಿತು.

1876ರಲ್ಲಿ ಅವರು ಸೈನ್ಯದ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಗಳಿಸಿ, ಅಶ್ವದಳದ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಲಖನೌ ಅವರ ಮೊದಲ ಠಾಣ್ಯ. ಸೈನಿಕರಿಗೆ ಅವರು ಕಲಿಸಿದ್ದು ಶತ್ರುವಿನ ನೆಲೆಯನ್ನು ಗುಟ್ಟಾಗಿ ಅರಿತು ಬರುವ ಚರವಿದ್ಯೆ: ನಕ್ಷೆ ಬರೆಯುವುದು, ನಕ್ಷತ್ರ ನೋಡಿ ದಿಕ್ಕು ತಿಳಿಯುವುದು, ಹೆಜ್ಜೆಗುರುತು ಓದುವುದು, ಕಣ್ಣಿಗೆ ಬಿದ್ದ ಸಣ್ಣ ಸಂಗತಿಯಿಂದ ದೊಡ್ಡ ಸಂಗತಿಯನ್ನು ಊಹಿಸುವುದು. ಇಂಗ್ಲಿಷಿನಲ್ಲಿ ಇಂತಹ ಚರನಿಗೆ ಸ್ಕೌಟ್ ಎಂದು ಹೆಸರು. ಈ ವಿದ್ಯೆಯನ್ನು ಕುರಿತು ಸೈನಿಕರಿಗಾಗಿ ಅವರು ಬರೆದ ಪುಸ್ತಕವೊಂದು 1899ರಲ್ಲಿ ಪ್ರಕಟವಾಯಿತು.

ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ಹತ್ತಿಕೊಂಡಿತು. ಮೆಫೆಕಿಂಗ್ ಎಂಬ ಪುಟ್ಟ ಪಟ್ಟಣದ ರಕ್ಷಣೆಯ ಹೊಣೆ ಬೇಡನ್ ಪೊವೆಲ್ ಅವರ ಮೇಲೆ ಬಿದ್ದಿತು. ಅಕ್ಟೋಬರ್ 13ರಿಂದ ಮುಂದಿನ ವರ್ಷದ ಮೇ 17ರವರೆಗೆ, ಒಟ್ಟು 217 ದಿನ, ಬೋಯರರು ಆ ಪಟ್ಟಣವನ್ನು ಮುತ್ತಿದರು. ಕಾಳಗಕ್ಕೆ ಸಾಕಷ್ಟು ಸೈನಿಕರಿರಲಿಲ್ಲ. ಆಗ ಪಟ್ಟಣದ ಬಾಲಕರ ದಳವೊಂದನ್ನು ಕಟ್ಟಲಾಯಿತು. ಆ ಬಾಲಕರು ಸೈಕಲ್ಲಿನ ಮೇಲೆ ಗುಂಡಿನ ಮಳೆಯ ನಡುವೆ ಓಲೆಗಳನ್ನು ಒಯ್ದರು; ಕಾವಲಿದ್ದರು; ಆಸ್ಪತ್ರೆಯಲ್ಲಿ ನೆರವಾದರು. ನಂಬಿ ಹೊಣೆಯನ್ನು ಒಪ್ಪಿಸಿದರೆ ಎಳೆಯರೂ ಅದನ್ನು ನಿರ್ವಹಿಸಬಲ್ಲರು ಎಂಬ ಸತ್ಯವನ್ನು ಬೇಡನ್ ಪೊವೆಲ್ ಅಲ್ಲಿ ಕಣ್ಣಾರೆ ಕಂಡರು.

ಮುತ್ತಿಗೆ ತೆರವಾದಾಗ ಇಂಗ್ಲೆಂಡಿನ ಜನ ಹರ್ಷದಿಂದ ಕುಣಿದರು. ನಲವತ್ತಮೂರರ ಹರೆಯದ ಸೇನಾನಿ ಒಮ್ಮೆಲೇ ವೀರನಾಯಕನಾಗಿ ಮೆರೆದರು. ಆದರೆ ಚರಿತ್ರೆಯನ್ನು ಓದುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ಮುತ್ತಿಗೆಯ ದಿನಗಳಲ್ಲಿ ಬಿಳಿಯರಿಗೆ ದೊರೆತ ಆಹಾರ ಆಫ್ರಿಕದ ಮೂಲನಿವಾಸಿಗಳಿಗೆ ದೊರೆಯಲಿಲ್ಲ. ಅವರಲ್ಲಿ ಅನೇಕರು ಹಸಿವಿನಿಂದ ಮಡಿದರು. ಅದಕ್ಕೂ ಮೊದಲು, 1896ರಲ್ಲಿ, ಸೆರೆಸಿಕ್ಕ ಉವಿನಿ ಎಂಬ ಮಟಬೇಲೆ ನಾಯಕನಿಗೆ ಮರಣದಂಡನೆ ವಿಧಿಸಿದ್ದಕ್ಕಾಗಿ ಬೇಡನ್ ಪೊವೆಲ್ ವಿಚಾರಣೆಯನ್ನು ಎದುರಿಸಬೇಕಾಯಿತು. ಅವರ ಮೇಲೆ ಕ್ರಮವೇನೂ ಆಗಲಿಲ್ಲ. ಸಾಮ್ರಾಜ್ಯದ ಕಾಲದಲ್ಲಿ ಹುಟ್ಟಿ ಬೆಳೆದ ಅವರಲ್ಲಿ ಆ ಕಾಲದ ಕುರುಡುಗಳೂ ಇದ್ದವು. ಮಹಾಪುರುಷರ ಜೀವನವನ್ನು ಓದುವಾಗ ಇಂತಹ ಸಂಗತಿಗಳನ್ನು ಮರೆಮಾಡುವುದು ಅವರಿಗೂ ಗೌರವವಲ್ಲ, ನಮಗೂ ಹಿತವಲ್ಲ.

ಯುದ್ಧ ಮುಗಿದು ತಾಯ್ನಾಡಿಗೆ ಮರಳಿದ ಅವರಿಗೆ ಒಂದು ಅಚ್ಚರಿ ಕಾದಿತ್ತು. ಸೈನಿಕರಿಗೆಂದು ಬರೆದ ಅವರ ಪುಸ್ತಕವನ್ನು ಶಾಲೆಯ ಉಪಾಧ್ಯಾಯರೂ ಬಾಲಕರೂ ಓದುತ್ತಿದ್ದರು. ಬಾಲಕರ ಸಂಘವೊಂದನ್ನು ಕಟ್ಟಿದ್ದ ವಿಲಿಯಂ ಸ್ಮಿತ್ ಎಂಬವರು ಆ ಪುಸ್ತಕವನ್ನು ಮಕ್ಕಳಿಗೆ ಹೊಂದುವಂತೆ ತಿದ್ದಿ ಬರೆಯಲು ಸೂಚಿಸಿದರು. ಉತ್ತರ ಅಮೆರಿಕದ ಅರಣ್ಯಜೀವನವನ್ನು ಆಧರಿಸಿ ಮಕ್ಕಳ ಶಿಬಿರಗಳನ್ನು ನಡೆಸುತ್ತಿದ್ದ ಅರ್ನೆಸ್ಟ್ ಥಾಮ್ಸನ್ ಸೀಟನ್ ಅವರ ಬರಹಗಳಿಂದಲೂ ಬೇಡನ್ ಪೊವೆಲ್ ಅನೇಕ ವಿಚಾರಗಳನ್ನು ಪಡೆದರು.

ವಿಚಾರ ಎಷ್ಟೇ ಸೊಗಸಾಗಿದ್ದರೂ ಪ್ರಯೋಗದಲ್ಲಿ ನಿಲ್ಲಬೇಕಲ್ಲವೇ? ಆ ಪರೀಕ್ಷೆಗಾಗಿ ಅವರು 1907ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ಎಂಬ ದ್ವೀಪಕ್ಕೆ ಸುಮಾರು 20 ಬಾಲಕರನ್ನು ಕರೆದೊಯ್ದರು. ಅವರಲ್ಲಿ ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರಿದ್ದರು; ಕೂಲಿಕಾರರ ಮನೆಗಳ ಮಕ್ಕಳೂ ಇದ್ದರು. ಅಂದಿನ ಇಂಗ್ಲೆಂಡಿನಲ್ಲಿ ಈ ಎರಡು ಬಗೆಯ ಮಕ್ಕಳು ಒಂದೇ ಡೇರೆಯಲ್ಲಿ ಮಲಗುವುದು ಅಪರೂಪದ ಸಂಗತಿ. ಬೇಡನ್ ಪೊವೆಲ್ ಅವರನ್ನು ಬೆರೆಸಿ ನಾಲ್ಕು ದಳಗಳಾಗಿ ಮಾಡಿದರು. ಪ್ರತಿ ದಳಕ್ಕೂ ಒಬ್ಬ ನಾಯಕ. ಬೆಳಗಾಗುತ್ತಲೇ ಆಫ್ರಿಕದಿಂದ ತಂದ ಕುಡು ಎಂಬ ಜಿಂಕೆಯ ಕೊಂಬನ್ನು ಊದಿ ಎಬ್ಬಿಸುವುದು. ಹಗಲೆಲ್ಲ ಗಂಟು ಕಟ್ಟುವುದು, ಜಾಡು ಹಿಡಿಯುವುದು, ಪ್ರಥಮ ಚಿಕಿತ್ಸೆ, ಆಟ. ಇರುಳಾದ ಮೇಲೆ ಬೆಂಕಿಯ ಸುತ್ತ ಕುಳಿತು ಕತೆ, ಹಾಡು. ಎಂಟು ದಿನ ಕಳೆಯುವಷ್ಟರಲ್ಲಿ ಬಾಲಕರು ಯಾರು ಯಾವ ಮನೆಯವರೆಂಬುದನ್ನು ಮರೆತಿದ್ದರು. ಶಿಬಿರಾಗ್ನಿ ಎಂಬ ಹೆಸರಿನಿಂದ ಇಂದು ನಾವು ಬಲ್ಲ ಪದ್ಧತಿಗೆ ಆ ದ್ವೀಪವೇ ತೊಟ್ಟಿಲು.

ಮರುವರ್ಷ, ಅಂದರೆ 1908ರಲ್ಲಿ, ಬಾಲಕರಿಗಾಗಿ ಅವರು ಬರೆದ ಸ್ಕೌಟಿಂಗ್ ಫಾರ್ ಬಾಯ್ಸ್ ಎಂಬ ಪುಸ್ತಕ ಆರು ಕಂತುಗಳಲ್ಲಿ ಪ್ರಕಟವಾಯಿತು. ಅದನ್ನೋದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ಊರೂರುಗಳಲ್ಲಿ ದಳ ಕಟ್ಟಿಕೊಂಡರು. 1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಮೇಳಕ್ಕೆ ಸುಮಾರು 11,000 ಬಾಲಕರು ಬಂದರು. ಯಾರೂ ಕರೆಯದಿದ್ದರೂ ಕೆಲವು ಬಾಲಕಿಯರೂ ಬಂದು ತಮಗೂ ಸ್ಥಾನ ಬೇಕೆಂದು ಕೇಳಿದರು. ಅವರ ಹಟ ಫಲಿಸಿತು. ಬಾಲಕಿಯರಿಗಾಗಿ 1910ರಲ್ಲಿ ಗೈಡ್ ಸಂಸ್ಥೆ ಹುಟ್ಟಿತು. ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅದರ ಹೊಣೆ ಹೊತ್ತರು. ಅದೇ ವರ್ಷ ಬೇಡನ್ ಪೊವೆಲ್ ಸೈನ್ಯದಿಂದ ನಿವೃತ್ತರಾಗಿ ತಮ್ಮ ಉಳಿದ ಬಾಳನ್ನು ಮಕ್ಕಳಿಗೆ ಮುಡಿಪಾಗಿಟ್ಟರು. 1912ರಲ್ಲಿ ಅವರು ಓಲೇವ್ ಎಂಬ ತರುಣಿಯನ್ನು ವಿವಾಹವಾದರು. ಆಕೆಯ ಜನ್ಮದಿನವೂ ಫೆಬ್ರವರಿ 22 ಆಗಿತ್ತು. ಆಕೆ ಮುಂದೆ ವಿಶ್ವದ ಗೈಡುಗಳಿಗೆ ಮುಖ್ಯಸ್ಥೆಯಾದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ನಾಲ್ಕು ವರ್ಷ ಯೂರೋಪಿನ ನೆಲ ರಕ್ತದಿಂದ ತೊಯ್ದಿತು. ನಿನ್ನೆಯವರೆಗೆ ಶಿಬಿರಾಗ್ನಿಯ ಸುತ್ತ ಹಾಡಿದ್ದ ತರುಣರು ಕಂದಕಗಳಲ್ಲಿ ಸತ್ತುಬಿದ್ದರು. ಬಾಳಿನ ಬಹುಭಾಗವನ್ನು ಸೈನ್ಯದಲ್ಲಿ ಕಳೆದಿದ್ದ ಬೇಡನ್ ಪೊವೆಲ್ ಅವರ ಮನಸ್ಸನ್ನು ಇದು ಕಲಕಿತು. ಬೇರೆ ಬೇರೆ ದೇಶಗಳ ಮಕ್ಕಳು ಎಳವೆಯಲ್ಲಿಯೇ ಒಂದೆಡೆ ಉಂಡು, ಆಡಿ, ಹಾಡಿ ಬೆಳೆದರೆ ದೊಡ್ಡವರಾದ ಮೇಲೆ ಒಬ್ಬರನ್ನೊಬ್ಬರು ಕೊಲ್ಲಲು ಅವರ ಕೈ ಹಿಂಜರಿಯಬಹುದು ಎಂಬ ಆಸೆ ಅವರಲ್ಲಿ ಬಲಿಯಿತು. ಆ ಆಸೆಯ ಫಲವೇ ವಿಶ್ವ ಜಾಂಬೂರಿ.

ಮೊದಲ ಜಾಂಬೂರಿ 1920ರ ಜುಲೈ 30ರಿಂದ ಆಗಸ್ಟ್ 8ರವರೆಗೆ ಲಂಡನ್ನಿನ ಒಲಿಂಪಿಯಾ ಎಂಬ ಸಭಾಂಗಣದಲ್ಲಿ ನಡೆಯಿತು. 34 ದೇಶಗಳಿಂದ ಸುಮಾರು 8,000 ಬಾಲಚರರು ಬಂದರು. ಬಂದವರೆಲ್ಲರೂ ಸೇರಿ ಬೇಡನ್ ಪೊವೆಲ್ ಅವರನ್ನು ವಿಶ್ವದ ಮುಖ್ಯ ಬಾಲಚರರೆಂದು ಘೋಷಿಸಿದರು. ಜಗತ್ತಿನಲ್ಲಿ ಅಂತಹ ಗೌರವ ಪಡೆದವರು ಅವರೊಬ್ಬರೇ. ಎರಡನೆಯ ಜಾಂಬೂರಿ 1924ರಲ್ಲಿ ಡೆನ್ಮಾರ್ಕಿನಲ್ಲಿ ಬಯಲಿನ ಶಿಬಿರವಾಗಿ ನಡೆಯಿತು. ಅಂದಿನಿಂದ ಡೇರೆಯ ವಾಸವೇ ಜಾಂಬೂರಿಯ ಜೀವವಾಯಿತು. ಪ್ರತಿ ದೇಶದ ತಂಡವೂ ತನ್ನ ಪಾಳೆಯಕ್ಕೆ ತನ್ನ ನಾಡಿನ ಕಲೆಯಿಂದ ಹೆಬ್ಬಾಗಿಲು ಕಟ್ಟುವುದು, ತನ್ನ ಅಡುಗೆಯನ್ನು ಅತಿಥಿಗಳಿಗೆ ಬಡಿಸುವುದು, ಬಿಲ್ಲೆಗಳನ್ನು ವಿನಿಮಯ ಮಾಡಿಕೊಳ್ಳುವುದು, ರಾತ್ರಿ ಶಿಬಿರಾಗ್ನಿಯಲ್ಲಿ ತನ್ನ ನೃತ್ಯಗೀತಗಳನ್ನು ಪ್ರದರ್ಶಿಸುವುದು ರೂಢಿಯಾಯಿತು. ಭಾಷೆ ಬಾರದ ಕಡೆ ಕೈಸನ್ನೆಯೂ ನಗೆಯೂ ಭಾಷೆಯ ಕೆಲಸ ಮಾಡಿದವು.

1929ರಲ್ಲಿ ಇಂಗ್ಲೆಂಡಿನ ಆರೋ ಪಾರ್ಕಿನಲ್ಲಿ ಸುಮಾರು 50,000 ಬಾಲಚರರು ನೆರೆದರು. ಎಡೆಬಿಡದೆ ಮಳೆ ಸುರಿದು ಬಯಲೆಲ್ಲ ಕೆಸರಾಯಿತು. ಆದರೂ ಹುಡುಗರ ಉತ್ಸಾಹ ಕುಗ್ಗಲಿಲ್ಲ. ಬೀಳ್ಕೊಡುಗೆಯ ದಿನ ವೃದ್ಧ ಸೇನಾನಿ ಎಲ್ಲರೆದುರಿಗೆ ಒಂದು ಕೊಡಲಿಯನ್ನು ಹೂತರು. ಅದು ಯುದ್ಧದ, ವೈರದ ಸಂಕೇತ. ಬಳಿಕ ಬಂಗಾರದ ಬಣ್ಣದ ಬಾಣಗಳನ್ನು ನಾಲ್ಕು ದಿಕ್ಕಿನ ನಾಡುಗಳ ಬಾಲಚರರ ಕೈಗೆ ಕೊಟ್ಟು, ಶಾಂತಿಯ ಸಂದೇಶವನ್ನು ತಮ್ಮ ತಮ್ಮ ದೇಶಗಳಿಗೆ ಒಯ್ಯುವಂತೆ ಹೇಳಿ ಕಳುಹಿಸಿದರು.

ಇಷ್ಟು ಹೊತ್ತಿಗೆ ನಮ್ಮ ನಾಡಿನಲ್ಲಿ ಏನು ನಡೆದಿತ್ತು ಎಂಬುದನ್ನು ನಾವು ತಿಳಿಯಬೇಕು. ಭಾರತದಲ್ಲಿ ಬಾಲಚರ ದಳ ಮೊದಲು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬ ಅಧಿಕಾರಿ ಅದನ್ನು ಸ್ಥಾಪಿಸಿದರು. ಆದರೆ ಅದರ ಬಾಗಿಲು ತೆರೆದಿದ್ದುದು ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ. ಬೆಂಗಳೂರಿನ ಮಣ್ಣಿನಲ್ಲಿ ಹುಟ್ಟಿದ ಕನ್ನಡದ ಬಾಲಕ ತನ್ನ ಊರಿನ ಆ ದಳಕ್ಕೆ ಸೇರುವಂತಿರಲಿಲ್ಲ. ಭಾರತೀಯ ತರುಣರಿಗೆ ಇಂತಹ ಶಿಕ್ಷಣ ದೊರೆತರೆ ಅವರು ಪ್ರಭುತ್ವದ ವಿರುದ್ಧ ತಿರುಗಿಬಿದ್ದಾರೆಂಬ ಅಳುಕು ಆಳುವವರಿಗಿತ್ತು.

ಮುಚ್ಚಿದ ಬಾಗಿಲ ಮುಂದೆ ನಮ್ಮ ಹಿರಿಯರು ಕೈಕಟ್ಟಿ ನಿಲ್ಲಲಿಲ್ಲ. ಮದರಾಸಿನಲ್ಲಿ ಆನಿ ಬೆಸೆಂಟ್ ಅವರು ಜಾರ್ಜ್ ಅರುಂಡೇಲ್ ಅವರ ನೆರವಿನೊಡನೆ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಬಾಲಚರ ಸಂಘವನ್ನು ಕಟ್ಟಿದರು. ಆ ಬಾಲಕರು ತಲೆಗೆ ನಮ್ಮ ನಾಡಿನ ಪೇಟವನ್ನು ಸುತ್ತಿಕೊಂಡರು. ಅಲಹಾಬಾದಿನಲ್ಲಿ ಮದನಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಸೇವಾ ಸಮಿತಿಯ ಬಾಲಚರ ಸಂಘವನ್ನು ಬೆಳೆಸಿದರು. ಜಾತ್ರೆಗಳಲ್ಲಿ, ರೋಗರುಜಿನಗಳ ಕಾಲದಲ್ಲಿ ಈ ಬಾಲಕರು ಮಾಡಿದ ಸೇವೆಯನ್ನು ಜನ ಕಂಡು ಮೆಚ್ಚಿದರು.

1921ರಲ್ಲಿ ಬೇಡನ್ ಪೊವೆಲ್ ದಂಪತಿಗಳು ಭಾರತಕ್ಕೆ ಬಂದರು. ಭಾರತೀಯ ಬಾಲಚರರ ಶಿಸ್ತನ್ನೂ ಚಟುವಟಿಕೆಯನ್ನೂ ಕಂಡು ಬೇಡನ್ ಪೊವೆಲ್ ಸಂತೋಷಪಟ್ಟರು. ಆನಿ ಬೆಸೆಂಟ್ ಅವರ ಸಂಘ ಮುಖ್ಯ ಸಂಘದಲ್ಲಿ ಸೇರಿತು. ಭಾರತೀಯ ಬಾಲಕರಿಗೆ ಅದರ ಬಾಗಿಲು ತೆರೆಯಿತು. ಸೇವಾ ಸಮಿತಿಯವರು ಮಾತ್ರ ತಮ್ಮ ಸ್ವಾತಂತ್ರ್ಯವನ್ನು ಬಿಟ್ಟುಕೊಡಲೊಪ್ಪದೆ ಬೇರೆಯಾಗಿಯೇ ಉಳಿದರು. 1937ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಜಾಂಬೂರಿ ನಡೆದಾಗ ಬೇಡನ್ ಪೊವೆಲ್ ಮತ್ತೆ ಬಂದರು. ಆ ಭೇಟಿಯ ಬಳಿಕ ಭಾರತೀಯರ ನಡತೆಯನ್ನು ಕುರಿತು ಅವರಿಂದ ಬಂದ ಹಗುರವಾದ ಮಾತುಗಳು ನಮ್ಮವರ ಮನಸ್ಸನ್ನು ನೋಯಿಸಿದವು. ಸ್ವಾಭಿಮಾನಿಗಳಾದ ಅನೇಕರು ಅವರ ಸಂಘವನ್ನು ಬಿಟ್ಟು ಹೊರಬಂದು ಹಿಂದೂಸ್ತಾನ್ ಸ್ಕೌಟ್ ಸಂಘವನ್ನು ಕಟ್ಟಿದರು. ಬಾಲಚರನಿಗೆ ಎಲ್ಲ ಬಾಲಚರರೂ ಸಹೋದರರು ಎಂದು ಲೋಕಕ್ಕೆ ಕಲಿಸಿದವರೇ ಆ ಪಾಠದಲ್ಲಿ ಎಡವಿದ್ದರು. ಆದರೆ ಹೊರಬಂದವರು ಬಾಲಚರ ಧರ್ಮವನ್ನು ತೊರೆಯಲಿಲ್ಲ ಎಂಬುದು ಗಮನಾರ್ಹ. ಅದೇ ಪ್ರತಿಜ್ಞೆ, ಅದೇ ಸೇವೆ, ಅದೇ ಶಿಬಿರಾಗ್ನಿಗಳನ್ನು ಅವರು ತಮ್ಮದಾಗಿಸಿಕೊಂಡು ಮುಂದುವರಿಸಿದರು.

ಅದೇ ವರ್ಷದ ಬೇಸಗೆಯಲ್ಲಿ ಹಾಲೆಂಡಿನ ಫೋಗೆಲೆನ್‌ಜಾಂಗ್ ಎಂಬಲ್ಲಿ ಐದನೆಯ ವಿಶ್ವ ಜಾಂಬೂರಿ ಸೇರಿತು. ಬೇಡನ್ ಪೊವೆಲ್ ಅವರಿಗೆ ಆಗ ಎಂಬತ್ತು ವರ್ಷ. ಅದೇ ತಮ್ಮ ಕೊನೆಯ ಜಾಂಬೂರಿಯೆಂಬುದನ್ನು ಅರಿತ ಅವರು ಸಹಸ್ರಾರು ಬಾಲಕರಿಂದ ಬೀಳ್ಕೊಂಡರು. ಮರುವರ್ಷ ಆಫ್ರಿಕದ ಕೆನ್ಯಾ ದೇಶದ ನ್ಯೇರಿ ಎಂಬ ಊರಿನಲ್ಲಿ ಪುಟ್ಟ ಮನೆಯಲ್ಲಿ ನೆಲೆಸಿ, ಚಿತ್ರ ಬರೆಯುತ್ತ, ಪತ್ರ ಬರೆಯುತ್ತ ಕಾಲ ಕಳೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಸಿಡಿಯಿತು. ಅವರ ಶಿಬಿರಗಳಲ್ಲಿ ಕೈ ಕೈ ಹಿಡಿದಿದ್ದ ದೇಶಗಳ ಮಕ್ಕಳು ಮತ್ತೆ ಎದುರುಬದುರಾಗಿ ನಿಂತರು. ಆ ಯುದ್ಧದ ಅಂತ್ಯವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1941ರ ಜನವರಿ 8ರಂದು ಅವರು ಕಣ್ಮುಚ್ಚಿದರು. ನ್ಯೇರಿಯಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ ಕೆತ್ತಲ್ಪಟ್ಟಿದೆ. ಜಾಡು ಹಿಡಿಯುವ ಬಾಲಚರರ ಸಂಜ್ಞೆಯಲ್ಲಿ ಅದಕ್ಕೆ ಮನೆಗೆ ಹೋದೆನೆಂದು ಅರ್ಥ.

ಹತ್ತು ವರ್ಷಗಳ ಕಾಲ ವಿಶ್ವ ಜಾಂಬೂರಿ ನಡೆಯಲಿಲ್ಲ. ಬೇಡನ್ ಪೊವೆಲ್ ಅವರ ಆಸೆ ಸುಳ್ಳಾಯಿತೇ ಎಂದು ಯಾರಾದರೂ ಕೇಳಬಹುದಾಗಿತ್ತು. ಆದರೆ ಯುದ್ಧ ನಿಂತ ಎರಡೇ ವರ್ಷಕ್ಕೆ, 1947ರ ಆಗಸ್ಟಿನಲ್ಲಿ, ಫ್ರಾನ್ಸಿನ ಮೊಯ್ಸೋನ್ ಎಂಬಲ್ಲಿ ಸೀನ್ ನದಿಯ ದಡದಲ್ಲಿ ಆರನೆಯ ಜಾಂಬೂರಿ ಕೂಡಿತು. ಅದನ್ನು ಶಾಂತಿಯ ಜಾಂಬೂರಿಯೆಂದು ಕರೆದರು. ಅವಿಭಜಿತ ಭಾರತದಿಂದ ಒಂದೇ ತಂಡವಾಗಿ ಹೊರಟ ಬಾಲಚರರು ಅಲ್ಲಿದ್ದರು. ಶಿಬಿರ ನಡೆಯುತ್ತಿರುವಾಗಲೇ ಆಗಸ್ಟ್ 15 ಬಂದಿತು. ಭಾರತ ಸ್ವತಂತ್ರವಾಯಿತು, ಪಾಕಿಸ್ತಾನ ಎಂಬ ಹೊಸ ದೇಶ ಉದಯಿಸಿತು. ತಾಯ್ನಾಡಿನಲ್ಲಿ ಸ್ವಾತಂತ್ರ್ಯದ ಹರ್ಷದೊಡನೆ ವಿಭಜನೆಯ ನೆತ್ತರೂ ಹರಿಯುತ್ತಿದ್ದ ಆ ದಿನಗಳಲ್ಲಿ, ಸಾವಿರಾರು ಮೈಲಿಗಳಾಚೆ ಎರಡೂ ನಾಡುಗಳ ಹುಡುಗರು ಒಂದೇ ಪಾಳೆಯದಲ್ಲಿ ವಾಸವಾಗಿದ್ದರು.

ಸ್ವತಂತ್ರ ಭಾರತದಲ್ಲಿ ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಘಗಳು 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾದವು. ಮರುವರ್ಷ ಗೈಡುಗಳ ಸಂಘವೂ ಅದರಲ್ಲಿ ಬೆರೆಯಿತು. ನಮ್ಮ ರಾಜ್ಯದಲ್ಲಿ ದಾವಣಗೆರೆ ಜಿಲ್ಲೆಯ ಕೊಂಡಜ್ಜಿ, ಬೆಂಗಳೂರಿನ ಬಳಿಯ ದೊಡ್ಡಬಳ್ಳಾಪುರ ಮೊದಲಾದ ಕಡೆ ಬಾಲಚರರ ಶಿಬಿರಗಳು ನಡೆದುಬಂದಿವೆ. 2022ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. 1909ರಲ್ಲಿ ತನ್ನ ಊರಿನ ದಳಕ್ಕೇ ಸೇರಲಾಗದೆ ನಿಂತಿದ್ದ ಕನ್ನಡದ ಬಾಲಕನ ನಾಡು ಅಂದು ಹೊರದೇಶಗಳ ಮಕ್ಕಳಿಗೆ ಆತಿಥ್ಯ ನೀಡಿತು.

ಬೇಡನ್ ಪೊವೆಲ್ ಅವರು ಹಚ್ಚಿದ ಬೆಂಕಿಯ ಸುತ್ತ ಯಾರು ಯಾರು ಕುಳಿತುಕೊಳ್ಳಬಹುದು ಎಂಬ ಪ್ರಶ್ನೆಗೆ ಅವರ ಕಾಲ ಕೊಟ್ಟ ಉತ್ತರ ಸಣ್ಣದಾಗಿತ್ತು. ಬ್ರೌನ್‌ಸೀ ದ್ವೀಪದಲ್ಲಿ ಬಡವ ಬಲ್ಲಿದರ ಮಕ್ಕಳು ಕುಳಿತರು. ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬಾಲಕಿಯರು ಬಂದು ಸ್ಥಾನ ಕೇಳಿದರು. ಭಾರತದಲ್ಲಿ ನಮ್ಮ ಹಿರಿಯರು ತಮ್ಮ ಬೆಂಕಿಯನ್ನು ತಾವೇ ಹಚ್ಚಿಕೊಂಡು ಬಾಗಿಲು ತೆರೆಸಿದರು. ಹೀಗೆ ಒಬ್ಬೊಬ್ಬರಾಗಿ ಬಂದು ಕುಳಿತವರಿಂದ ಆ ವೃತ್ತ ಹಿಗ್ಗುತ್ತ ಹೋಯಿತು. ಒಬ್ಬ ಮನುಷ್ಯನ ಒಳ್ಳೆಯ ಕಾರ್ಯ ಅವನ ಕುಂದುಗಳನ್ನು ದಾಟಿ ಬೆಳೆಯಬಲ್ಲದು. ಹಾಗೆ ಬೆಳೆಸುವ ಹೊಣೆ ಮುಂದಿನವರದು. ನಿಮ್ಮ ಶಾಲೆಯ ಶಿಬಿರದಲ್ಲಿ ಬೆಂಕಿ ಹಚ್ಚುವ ಇರುಳು, ವೃತ್ತದ ಹೊರಗೆ ಯಾರಾದರೂ ಒಂಟಿಯಾಗಿ ನಿಂತಿದ್ದಾರೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿರಿ. ಇದ್ದರೆ ತುಸು ಸರಿದು ಅವರಿಗೂ ಜಾಗ ಮಾಡಿಕೊಡಿರಿ.